ಆರ್ಮೇನಿಯನ್ ಹೈಸ್ಕೂಲಿನ 12ನೇ ತರಗತಿ ಮಕ್ಕಳು: ಕಾಲೇಜು ಅರ್ಜಿಗೆ ಮುಂಚೆ ಏನೇನು ನೋಡ್ಕೋಬೇಕು?

ಲೆಕ್ಕದ ಮೇಡಂ:
ಲಾಸ್ ಏಂಜಲೀಸ್ ಕಡೆಯ ಒಂದು ಆರ್ಮೇನಿಯನ್ ಖಾಸಗಿ ಶಾಲೆಯ 12ನೇ ತರಗತಿಗೆ ಸಂಜೆ ಹೊತ್ತು ಗಣಿತ ಹೇಳಿಕೊಡ್ತೀನಿ. ತರಗತಿಗೆಲ್ಲ ಸೇರಿ 34 ಮಕ್ಕಳು, ಹೆಚ್ಚಿನವರು ಶಿಶುವಿಹಾರದಿಂದಲೂ ಒಟ್ಟಿಗೇ ಇರೋರು. ಈಗ ಗಣಿತಕ್ಕಿಂತ ಅರ್ಜಿಯ ಪ್ರಶ್ನೆಗಳೇ ಜಾಸ್ತಿ. ಆರ್ಮೇನಿಯನ್ ಭಾಷೆ, ಇತಿಹಾಸ, ಧರ್ಮದ ಪಾಠಗಳನ್ನ ಯುಸಿಯವರು (ಹಲವು ಕ್ಯಾಂಪಸ್‌ಗಳಿರೋ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಹೇಗೆ ಎಣಿಸ್ತಾರೆ? ಇಷ್ಟು ಚಿಕ್ಕ ತರಗತಿಯಿಂದ ಬಂದರೆ ನಷ್ಟವಾ? ಅರ್ಧ ಮಕ್ಕಳು "ಎಲ್ಲರೂ ಗ್ಲೆಂಡೇಲ್ ಕಮ್ಯುನಿಟಿ ಕಾಲೇಜಿಗೇ ಹೋಗೋಣ" ಅಂತಿದ್ದಾರೆ. ಅಲ್ಲಿ ಎರಡು ವರ್ಷ ಓದಿ ಆಮೇಲೆ ಯುಸಿಯಂಥ ಕಡೆಗೆ ವರ್ಗಾವಣೆ ಆಗಬಹುದು. ಅದು ಸರಿಯಾ?

ಅಂಕಪಟ್ಟಿ ರಾಯರು:
ಯುಸಿಗೆ ಎ-ಜಿ ಅಂತ 15 ವರ್ಷಪಾಠಗಳು ಬೇಕು. ಇತಿಹಾಸ 2, ಇಂಗ್ಲಿಷ್ 4, ಗಣಿತ 3, ವಿಜ್ಞಾನ 2, ಬೇರೆ ಭಾಷೆ 2, ಕಲೆ 1, ಐಚ್ಛಿಕ 1. ಇದರಲ್ಲಿ 11 ಕೊನೇ ವರ್ಷಕ್ಕೆ ಮುಂಚೆಯೇ ಮುಗಿದಿರಬೇಕು. ಶಾಲೆಯಲ್ಲಿ ಪಾಠ ಮಾಡಿದರು ಅನ್ನೋದು ಸಾಲದು, ಆ ಪಾಠ ಯುಸಿಯ ಎ-ಜಿ ಪಟ್ಟಿಯಲ್ಲಿ ನಿಮ್ಮ ಶಾಲೆಯ ಹೆಸರಿನ ಕೆಳಗೆ ಇರಬೇಕು. ಪಟ್ಟಿ ಜಾಲತಾಣದಲ್ಲೇ ಇದೆ, ಶಾಲೆಯ ಹೆಸರು ಹಾಕಿ ಹುಡುಕಿ.

ಆರ್ಮೇನಿಯನ್ ಭಾಷೆ ಪಟ್ಟಿಯಲ್ಲಿದ್ದರೆ "ಬೇರೆ ಭಾಷೆ"ಯ ಎರಡು ವರ್ಷ ಅಲ್ಲಿಗೇ ಮುಗೀತು. ಮುಂದಿನ ಹಂತದ ಪಾಠ ಐಚ್ಛಿಕಕ್ಕೆ ಸಲ್ಲುತ್ತೆ. ಆರ್ಮೇನಿಯನ್ ಇತಿಹಾಸ ಎಷ್ಟು ಓದಿದ್ದರೂ ಅಮೆರಿಕದ ಇತಿಹಾಸದ ಜಾಗ ತುಂಬಲ್ಲ. ಧರ್ಮದ ಪಾಠ ಸಾಮಾನ್ಯವಾಗಿ ಪಟ್ಟಿಯಲ್ಲೇ ಇರಲ್ಲ. ಆಗ ಅದರಲ್ಲಿ ಬಂದ ಎ ಗ್ರೇಡ್ ಕೂಡ ಲೆಕ್ಕಕ್ಕಿಲ್ಲ. ಶಾಲೆಯ ಜಿಪಿಎ (ಗ್ರೇಡ್‌ಗಳ ಸರಾಸರಿ), ಯುಸಿ ಜಿಪಿಎ ಬೇರೆ ಬೇರೆ ಬರೋದು ಇದಕ್ಕೇ. ಯುಸಿಯವರು ಜಿಪಿಎಗೆ ಎಣಿಸೋದು 10 ಮತ್ತು 11ನೇ ತರಗತಿಯ ಎ-ಜಿ ಪಾಠಗಳನ್ನ ಮಾತ್ರ, ಆನರ್ಸ್ (ಹೆಚ್ಚು ಕಠಿಣ) ಪಾಠಗಳ ಹೆಚ್ಚುವರಿ ಅಂಕ ಸಿಗೋದು 8 ಸೆಮಿಸ್ಟರ್‌ಗಷ್ಟೇ. ಶಾಲೆಯ 4.3 ನೋಡಿ ಕೂತರೆ ಎಡವಟ್ಟು.

ಚಿಕ್ಕ ತರಗತಿ ಅಂತ ಹೆದರಬೇಡಿ. ಶಾಲೆಯ ಮೇಲಿನ 9% ಮಕ್ಕಳಿಗೆ ಯುಸಿಯಲ್ಲಿ ಒಂದು ಖಾತರಿ ಇದೆ: ಕೇಳಿದ ಕ್ಯಾಂಪಸ್ ಸಿಗದಿದ್ದರೂ ಜಾಗ ಇರೋ ಕಡೆ ಸೀಟು. ಆದರೆ 34ರಲ್ಲಿ 9% ಅಂದರೆ ಸುಮಾರು ಮೂರು ತಲೆ. ಉಳಿದ ಮಕ್ಕಳು ಅದನ್ನ ನಂಬಿಕೊಂಡಿರಬಾರದು.

ಸ್ಪೆಲ್ಲಿಂಗ್ ಸುಬ್ಬಣ್ಣ:
ಎಲ್ಲರೂ ಮರೆಯೋದು ಹೆಸರಿನ ವಿಷಯ. ಲೆಬನಾನ್, ಇರಾನ್ ಕಡೆಯಿಂದ ಬಂದ ಮನೆಗಳಲ್ಲಿ ಕೊನೆಯ "ಯಾನ್" ಅನ್ನ ಇಂಗ್ಲಿಷಿನಲ್ಲಿ ಐ ಅಕ್ಷರ ಹಾಕಿ ಬರೀತಾರೆ, ಆರ್ಮೇನಿಯಾದಿಂದ ಬಂದವರು ವೈ ಹಾಕಿ. ಆರ್ಮೇನಿಯನ್ ಭಾಷೆಯ ಪಶ್ಚಿಮ ಉಚ್ಚಾರಣೆಯಲ್ಲಿ ಕ್ರಿಕೋರ್ ಆದವನು ಪೂರ್ವದಲ್ಲಿ ಗ್ರಿಗೋರ್. ಶಾಲೆಯ ದಾಖಲೆಯಲ್ಲಿ ಒಂದು, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಇರುತ್ತೆ. ನಮ್ಮೋರ ಇನಿಷಿಯಲ್ ಗೋಳಿನ ಅಣ್ಣತಮ್ಮ ಇದು. ಫಾಫ್ಸಾದಲ್ಲಿ (ಸರ್ಕಾರದ ಹಣಸಹಾಯದ ಅರ್ಜಿ) ಹೆಸರು ಸೋಷಿಯಲ್ ಸೆಕ್ಯುರಿಟಿ ಕಾರ್ಡಿನಲ್ಲಿ ಇರೋ ಹಾಗೇ ಇರಬೇಕು, ಇಲ್ಲದಿದ್ದರೆ ಅರ್ಜಿ ಹೊಂದಾಣಿಕೆಯಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ. ಯುಸಿ ಅರ್ಜಿಯಲ್ಲಿ ಹಳೇ ಹೆಸರು ಬರೆಯೋಕೆ ಬೇರೆ ಜಾಗ ಇದೆ, ಖಾಲಿ ಬಿಡಬೇಡಿ.

ಇನ್ನೊಂದು. ಕ್ಯಾಲ್ ಗ್ರಾಂಟ್‌ಗೆ (ಕ್ಯಾಲಿಫೋರ್ನಿಯಾದ ವಿದ್ಯಾರ್ಥಿ ನೆರವು) ಫಾಫ್ಸಾ ಜೊತೆ ಶಾಲೆ ದೃಢೀಕರಿಸಿದ ಜಿಪಿಎಯೂ ಹೋಗಬೇಕು, ಎರಡಕ್ಕೂ ಮಾಮೂಲಿ ಗಡುವು ಮಾರ್ಚ್ 2. ಸರ್ಕಾರಿ ಶಾಲೆಗಳು ಅದನ್ನ ತಾವೇ ಕಳಿಸಲೇಬೇಕು. ಖಾಸಗಿ ಶಾಲೆಯಲ್ಲಿ "ಕಳ್ಸಿದ್ದೀವಿ" ಅನ್ನೋ ಬಾಯಿಮಾತಿಗೆ ತಲೆಯಾಡಿಸದೆ, ಕ್ಯಾಲ್ ಗ್ರಾಂಟ್ ನೋಡ್ಕೊಳ್ಳೋ ವೆಬ್‌ಗ್ರಾಂಟ್ಸ್ ತಾಣದ ಮಗುವಿನ ಖಾತೆಯಲ್ಲಿ ಅಂಕ ಕಾಣುತ್ತಾ ನೋಡಿ.

ಪದಮಿತಿ:
ಪ್ರಬಂಧದ ಬಗ್ಗೆ ನಾನು ಹೇಳ್ತೀನಿ. ಯುಸಿ 8 ಪ್ರಶ್ನೆ ಕೊಡುತ್ತೆ, 4ಕ್ಕೆ ಉತ್ತರ, ಒಂದೊಂದಕ್ಕೂ 350 ಪದ. 34 ಮಕ್ಕಳಲ್ಲಿ 20 ಮಂದಿ 1915ರ ಆರ್ಮೇನಿಯನ್ ನರಮೇಧದಲ್ಲಿ ಬದುಕುಳಿದ ಮುತ್ತಜ್ಜನ ಬಗ್ಗೆ ಬರೆದರೆ, ಓದೋರಿಗೆ ಮುತ್ತಜ್ಜ ಗೊತ್ತಾಗ್ತಾನೆ, ಹುಡುಗ ಗೊತ್ತಾಗಲ್ಲ. ಬರೀಬಾರದು ಅಂತಲ್ಲ. ಎರಡು ವಾಕ್ಯ ಮುತ್ತಜ್ಜನಿಗೆ, ಉಳಿದದ್ದು ಹುಡುಗ ಏನು ಮಾಡಿದ ಅನ್ನೋದಕ್ಕೆ. ಪಶ್ಚಿಮ ಆರ್ಮೇನಿಯನ್ ಕಲಿಸೋ ಶಾಲೆಯಲ್ಲಿ ನೀರಿಗೆ "ಚೂರ್", ಅದೇ ಹುಡುಗಿಯ ಮನೇಲಿ ಅಜ್ಜಿ ಬಾಯಲ್ಲಿ ಪೂರ್ವದ "ಜೂರ್". ದಿನಾ ಎರಡರ ಮಧ್ಯೆ ಓಡಾಡಿದವಳು ಅದನ್ನೇ ಬರೆದರೆ 350 ಪದ ಸಾಲದು.

ಚಟುವಟಿಕೆಗಳ ಪಟ್ಟಿಗೆ 20 ಜಾಗ, ವಿವರಣೆಗೆ 350 ಅಕ್ಷರ. "ಹೋಮೆನೆತ್ಮೆನ್" ಅಂತ ಬರೆದು ಬಿಟ್ಟರೆ ಓದುಗರಿಗೆ ಏನೂ ತಿಳಿಯಲ್ಲ. "1918ರಲ್ಲಿ ಶುರುವಾದ ಆರ್ಮೇನಿಯನ್ ಕ್ರೀಡೆ-ಸ್ಕೌಟ್ ಸಂಸ್ಥೆ, ನಾನು ಇಷ್ಟು ಮಕ್ಕಳ ದಳ ನೋಡ್ಕೋತೀನಿ" ಅಂತ ಬಿಡಿಸಿ ಬರೀಲಿ. ವಾರಕ್ಕೆಷ್ಟು ಗಂಟೆ, ವರ್ಷಕ್ಕೆಷ್ಟು ವಾರ ಅಂತ ಕೇಳ್ತಾರೆ. ಹೋಮೆನೆತ್ಮೆನ್‌ನವರ ಬೇಸಿಗೆಯ ನವಸರ್ದಿಯನ್ ಪಂದ್ಯಗಳ ಗಂಟೆಗಳನ್ನ ವರ್ಷಪೂರ್ತಿಗೆ ಹರಡಬೇಡಿ, ಲೆಕ್ಕ ಅನುಮಾನಕ್ಕೆ ದಾರಿ. ಶಿಫಾರಸು ಪತ್ರವನ್ನ ಯುಸಿ ಸಾಮಾನ್ಯವಾಗಿ ಕೇಳೋದಿಲ್ಲ, ಖಾಸಗಿ ಕಾಲೇಜುಗಳು ಕೇಳ್ತವೆ. ಒಬ್ಬರೇ ಮೇಷ್ಟ್ರು 15 ಪತ್ರ ಬರೆಯೋ ಪರಿಸ್ಥಿತಿ ಇದ್ದರೆ ಸೆಪ್ಟೆಂಬರಿನಲ್ಲೇ ಕೇಳಿಡಿ.

ಯೂನಿಟ್ ಯಮುನಾ:
ಕಮ್ಯುನಿಟಿ ಕಾಲೇಜು ಹಿಂದೆ ಬೀಳೋದಲ್ಲ, ಯೂನಿಟ್‌ಗೆ (ಪಾಠ ಅಳೆಯೋ ಲೆಕ್ಕ) 46 ಡಾಲರ್. ಹಾಳಾಗೋದು ಗುಂಪು ಹೋದಲ್ಲೇ ಹೋಗಿ, ಗುಂಪು ತಗೊಂಡ ಪಾಠವನ್ನೇ ತಗೊಂಡಾಗ. ಮೊದಲ ವಾರವೇ ಅಸಿಸ್ಟ್ ತಾಣದಲ್ಲಿ (ಯಾವ ಪಾಠ ಯಾವ ಕ್ಯಾಂಪಸ್‌ಗೆ ಸಲ್ಲುತ್ತೆ ಅಂತ ತೋರಿಸೋದು) ತನ್ನ ವಿಷಯ, ತನ್ನ ಗುರಿಯ ಕ್ಯಾಂಪಸ್ ಹಾಕಿ ಪಾಠಪಟ್ಟಿ ತೆಗೀಲಿ. ಎಂಜಿನಿಯರಿಂಗ್ ಆಗಬೇಕಾದವನು ಗೆಳೆಯರ ಜೊತೆ ಸುಲಭದ ಗಣಿತಕ್ಕೆ ಕೂತರೆ ಕ್ಯಾಲ್ಕುಲಸ್ ಸರಣಿ ಒಂದು ವರ್ಷ ಹಿಂದೆ ಹೋಗುತ್ತೆ. ಟ್ಯಾಗ್ ಅನ್ನೋ ಖಾತರಿ ವರ್ಗಾವಣೆ ಆರು ಯುಸಿಗಳಿಗೆ ಮಾತ್ರ. ಬರ್ಕ್ಲಿ, ಯುಸಿಎಲ್‌ಎ, ಸ್ಯಾನ್ ಡಿಯಾಗೊ ಅದರಲ್ಲಿ ಇಲ್ಲ. ಅರ್ಜಿ ಸೆಪ್ಟೆಂಬರ್ ತಿಂಗಳಲ್ಲಿ, ಸೇರೋದಕ್ಕೆ ಒಂದು ವರ್ಷ ಮುಂಚೆ.

ಲೆಕ್ಕದ ಮೇಡಂ:
ಥ್ಯಾಂಕ್ಸ್, ಪಟ್ಟಿ ನೋಡ್ತೀನಿ. ಇಬ್ಬರು ಹುಡುಗರು ಒಂದು ವರ್ಷ ಬಿಡುವು ತಗೊಂಡು ಆರ್ಮೇನಿಯಾಗೆ ಹೋಗಬೇಕು ಅಂತಿದ್ದಾರೆ. ತೊಂದರೆ ಇದೆಯಾ?

ಅಂಕಪಟ್ಟಿ ರಾಯರು:
ಮೂರು ಎಚ್ಚರಿಕೆ. ಹೊರದೇಶದ ಆರ್ಮೇನಿಯನ್ ಯುವಕರನ್ನ ಅಲ್ಲಿಗೆ ಸ್ವಯಂಸೇವೆಗೆ ಕರೆಸೋ ಬರ್ತ್‌ರೈಟ್ ಆರ್ಮೇನಿಯಾ 18ರ ಹುಡುಗರನ್ನ ತಗೊಳ್ಳಲ್ಲ, 21 ತುಂಬಿರಬೇಕು. ಆ ದೇಶದ ಪೌರತ್ವ ಇದ್ದರೆ, ಅಥವಾ ಈಗ ಮಾಡಿಸಿಕೊಂಡರೆ, 18ರಿಂದ 27ರ ಗಂಡುಮಕ್ಕಳಿಗೆ ಕಡ್ಡಾಯ ಸೈನ್ಯಸೇವೆ ಅನ್ವಯವಾಗಬಹುದು. ಟಿಕೆಟ್ ತೆಗೆಯೋ ಮುಂಚೆ ಗ್ಲೆಂಡೇಲ್‌ನ ಆರ್ಮೇನಿಯಾ ಕಾನ್ಸುಲೇಟ್‌ನಲ್ಲಿ ತಮ್ಮ ಸ್ಥಿತಿ ಏನು ಅಂತ ಬರಹದಲ್ಲಿ ಕೇಳಲಿ. ಮೂರನೇದು, ಸಿಕ್ಕ ಸೀಟನ್ನ ಕ್ಯಾಂಪಸ್ ಮುಂದೂಡುತ್ತೆ ಅಂತ ಅಂದ್ಕೋಬಾರದು, ಮೊದಲೇ ಕೇಳಬೇಕು. ಹೈಸ್ಕೂಲ್ ಮುಗಿದ ಮೇಲೆ ಮಾಮೂಲಿ ಸೆಮಿಸ್ಟರಿನಲ್ಲಿ ಯಾವುದಾದರೂ ಕಾಲೇಜು ಪಾಠಕ್ಕೆ ಸೇರಿದರೆ ಯುಸಿಯವರು ಆಮೇಲೆ ಹೊಸ ವಿದ್ಯಾರ್ಥಿ ಅಂತ ಪರಿಗಣಿಸಲ್ಲ, ವರ್ಗಾವಣೆ ಸಾಲಿಗೆ ಹಾಕ್ತಾರೆ. ಬೇಸಿಗೆ ಪಾಠಕ್ಕೆ ಮಾತ್ರ ಅಡ್ಡಿಯಿಲ್ಲ.