ಪಾವಗಡದಲ್ಲಿ ಅಷ್ಟೊಂದು ಸೋಲಾರ್ ಇದ್ದೂ ಸಂಜೆ ಕರೆಂಟ್ ಯಾಕೆ ಸಾಲುವುದಿಲ್ಲ?

ಮಧುಗಿರಿಯವ:
ಪಾವಗಡದ ಸೋಲಾರ್ ಪಾರ್ಕ್ ನಮಗೆ ದೂರ ಏನಿಲ್ಲ. 2,050 ಮೆಗಾವ್ಯಾಟ್, ಸುಮಾರು 13,000 ಎಕರೆ. ಆದರೂ 2023ರಲ್ಲಿ ಮಳೆ ಕೈಕೊಟ್ಟಾಗ ಪಂಪ್‌ಸೆಟ್‌ಗೆ ಏಳು ಗಂಟೆ ಬರಬೇಕಾದ ತ್ರೀ ಫೇಸ್ ಐದು ಗಂಟೆಗೆ ಇಳಿಯಿತು. ಅಪ್ಪ ಬೋರ್‌ವೆಲ್ ಹತ್ತಿರ ರಾತ್ರಿಯೆಲ್ಲ ಕಾದಿದ್ದಾರೆ. ಕರೆಂಟ್ ಮಾರುಕಟ್ಟೆ ಅಂತ ಒಂದಿದೆಯಂತೆ, ಅಲ್ಲಿಂದ ತಂದರೆ ಆಗುವುದಿಲ್ಲವಾ?

ಗ್ರಿಡ್‌ಗೆಳೆಯ:
ತರುತ್ತಾರೆ ಸರ್. ಆದರೆ ನಮ್ಮ ಬಹುಪಾಲು ಕರೆಂಟ್ ಬರುವುದು ವರ್ಷಾನುಗಟ್ಟಲೆಯ ಒಪ್ಪಂದಗಳಿಂದ, ನೀವು ಹೇಳಿದ ಮಾರುಕಟ್ಟೆ, ಅಂದರೆ ಎಕ್ಸ್‌ಚೇಂಜ್‌ನದ್ದು ಸಣ್ಣ ಪಾಲು. ಅಲ್ಲಿ ನಾಳೆಯ ದಿನವನ್ನು 15 ನಿಮಿಷದ 96 ತುಂಡು ಮಾಡಿ, ಒಂದೊಂದಕ್ಕೂ ಬೇರೆ ದರ ಕಟ್ಟುತ್ತಾರೆ. ಮಧ್ಯಾಹ್ನ ಎಲ್ಲ ರಾಜ್ಯದಲ್ಲೂ ಬಿಸಿಲು, ದರ ಬೀಳುತ್ತದೆ. ಸಂಜೆ ಏಳಕ್ಕೆ ಎಲ್ಲರ ಮನೆಯಲ್ಲೂ ದೀಪ, ಫ್ಯಾನು, ಸೋಲಾರ್ ಸೊನ್ನೆ, ಆಗ ದರ ಯೂನಿಟ್‌ಗೆ 10 ರೂಪಾಯಿಯ ಮಿತಿ ಮುಟ್ಟಿದ ದಿನಗಳು ಎಷ್ಟೋ. ಮಿತಿ ಮುಟ್ಟಿದ ಮೇಲೆ ದುಡ್ಡು ಹಿಡಿದು ನಿಂತರೂ ಕೇಳಿದಷ್ಟು ಸಿಗುವುದಿಲ್ಲ. 2023ರ ಅಕ್ಟೋಬರ್‌ನಲ್ಲಿ ನಮ್ಮ ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಹಿಡಿದು, ರಾಜ್ಯದ ಖಾಸಗಿ ಉತ್ಪಾದಕರು ಇಲ್ಲಿಗೇ ಕರೆಂಟ್ ಕೊಡಬೇಕು ಅಂತ ಆದೇಶ ಮಾಡಬೇಕಾಯಿತು.

ಹಳೇ ಎಂಜಿನಿಯರ್:
ನನ್ನ ಪ್ರಕಾರ ತೊಡಕು ಇರುವುದು ನಾವು ಯಾವುದಕ್ಕೆ ದುಡ್ಡು ಕೊಡುತ್ತೇವೆ ಅನ್ನುವುದರಲ್ಲಿ. ಹದ ಬಂದ ದಿನ ಊರಿಗೆಲ್ಲ ಟ್ರ್ಯಾಕ್ಟರ್ ಬೇಕು, ಅಲ್ವಾ? ವರ್ಷಕ್ಕೆ ಹತ್ತೇ ದಿನ ಬಾಡಿಗೆ ಸಿಗುತ್ತದೆ ಅಂದರೆ ಹೊಸ ಟ್ರ್ಯಾಕ್ಟರ್ ಯಾರೂ ಕೊಳ್ಳುವುದಿಲ್ಲ. ಸಂಜೆಯ ನಾಲ್ಕೇ ನಾಲ್ಕು ಗಂಟೆ ಹೊತ್ತಿಗಾಗಿ ಸಿದ್ಧವಾಗಿ ನಿಲ್ಲುವ ಸ್ಥಾವರಕ್ಕೂ ಬ್ಯಾಟರಿಗೂ ಅದೇ ಕಷ್ಟ. ಮಾರಿದ ಯೂನಿಟ್‌ಗಷ್ಟೇ ಅಲ್ಲ, ಸಿದ್ಧವಾಗಿ ನಿಂತದ್ದಕ್ಕೂ ದುಡ್ಡು ಕೊಡಬೇಕು. ರಾಯಚೂರಿನಂಥ ಕಲ್ಲಿದ್ದಲು ಸ್ಥಾವರಕ್ಕೆ ಸ್ಥಿರ ವೆಚ್ಚ ಅಂತ ಈಗಲೂ ಕೊಡುತ್ತೇವೆ. ಬ್ಯಾಟರಿಗೂ ಹಾಗೇ ಟೆಂಡರ್ ಕರೆಯಲಿ, ಸಂಜೆ ಕರೆದಾಗ ಬರದಿದ್ದರೆ ದಂಡ ಹಾಕಲಿ. ಬರೀ ದರ ಏರಿಸಿದರೆ ಆಗುವುದಿಲ್ಲ. ಟೆಕ್ಸಾಸ್‌ನಲ್ಲಿ 2021ರ ಫೆಬ್ರವರಿ ಚಳಿಗೆ ದರ ಯೂನಿಟ್‌ಗೆ 9 ಡಾಲರ್ ಆಯಿತು, ಆದರೂ ಲಕ್ಷಾಂತರ ಮನೆ ಕತ್ತಲಲ್ಲಿ ಕೂತವು. ಸ್ಥಾವರಗಳಿಗೆ ಗ್ಯಾಸ್ ಕೊಡುವ ಬಾವಿಗಳೇ ಹೆಪ್ಪುಗಟ್ಟಿದ್ದವು.

ಸಾಗರದ ಹುಡುಗಿ:
ಬ್ಯಾಟರಿ ಸರಿ ಸರ್, ಆದರೆ ಸಂಗ್ರಹ ಅಂದ ಕೂಡಲೇ ಎಲ್ಲರೂ ನಮ್ಮ ಶರಾವತಿ ಕಡೆ ನೋಡುತ್ತಾರೆ. ಹಗಲು ನೀರು ಮೇಲೆತ್ತಿ ಸಂಜೆ ಬಿಡುವ 2,000 ಮೆಗಾವ್ಯಾಟ್ ಯೋಜನೆ ಇರುವುದು ಸಿಂಗಳೀಕಗಳ ಕಾಡಿನಲ್ಲಿ. ಆ ಕಾಡಿನ ಬೆಲೆ ಯಾವ ಟೆಂಡರಿನಲ್ಲೂ ಬರುವುದಿಲ್ಲ. ಲಿಂಗನಮಕ್ಕಿಗೆ ಊರು ಬಿಟ್ಟವರ ಮೊಮ್ಮಗಳು ನಾನು, ಇದನ್ನು ಸುಮ್ನೆ ಹೇಳುತ್ತಿಲ್ಲ. ಮೊದಲು ಪಂಪ್‌ಸೆಟ್‌ಗಳನ್ನು ಪೂರ್ತಿ ಹಗಲಿಗೆ ತನ್ನಿ, ಸಂಜೆಯ ಭಾರ ಅಲ್ಲೇ ಇಳಿಯುತ್ತದೆ.

ಮಧುಗಿರಿಯವ:
ಹಗಲಲ್ಲೇ ಏಳು ಗಂಟೆ ಕೊಟ್ಟರೆ ನಮಗೆ ಬೇರೇನೂ ಬೇಡ ಅಕ್ಕ. ಕತ್ತಲಲ್ಲಿ ಹಾವು ಚೇಳಿನ ನಡುವೆ ಮೋಟಾರ್ ಹಾಕಲು ಹೋಗುವುದಾದರೂ ತಪ್ಪುತ್ತದೆ.