ಘಟ್ಟ ಹತ್ತುವಾಗ ಲಾರಿಯ ಎಳೆತ ಕುಸಿಯುತ್ತಿದೆ: ಪಂಪ್ ಬಿಚ್ಚಿಸಬೇಕೇ?

ಪ್ರಶ್ನೆ (ಕುಮಟಾದಿಂದ)

ನಮ್ಮದು 2004ರ ಮಾದರಿಯ, ಆರು ಸಿಲಿಂಡರಿನ ಟರ್ಬೊ ಇಂಜಿನ್ ಇರುವ ಆರು ಚಕ್ರದ ಲಾರಿ. ಇಂಜಿನ್‌ಗೆ ಡೀಸೆಲ್ ಒತ್ತಿ ಕೊಡುವ ಪಂಪ್ ಹಳೆಯ ಲೈನ್ ಪಂಪ್; ಸೆನ್ಸರುಗಳ ಗೊಡವೆಯಿಲ್ಲ. ಕುಮಟಾ ಕಡೆಯಿಂದ ಶಿರಸಿಗೆ ಚಿರೇಕಲ್ಲು ಸಾಗಿಸುತ್ತೇವೆ. ದೇವಿಮನೆ ಘಟ್ಟವನ್ನು ಮೂರನೇ ಗೇರಿನಲ್ಲಿ ಹತ್ತುತ್ತಿದ್ದ ಗಾಡಿ ಈಗ ಅರ್ಧ ಏರು ಮುಗಿಯುವ ಮೊದಲೇ ಎರಡನೆಯದಕ್ಕೆ, ಕೆಲವು ತಿರುವುಗಳಲ್ಲಿ ಒಂದನೆಯದಕ್ಕೂ ಬರುತ್ತದೆ. ಬದಿಗೆ ನಿಲ್ಲಿಸಿ ಇಂಜಿನ್ ಬಂದ್ ಮಾಡಿ, ಹತ್ತು ನಿಮಿಷ ಬಿಟ್ಟು ಹೊರಟರೆ ಸ್ವಲ್ಪ ದೂರ ಮೊದಲಿನಂತೆಯೇ ಎಳೆಯುತ್ತದೆ. ಡೀಸೆಲ್ ಫಿಲ್ಟರ್, ಏರ್ ಫಿಲ್ಟರ್ ಎರಡನ್ನೂ ಬದಲಿಸಿದ್ದೇನೆ. ಪಂಪ್ ಮತ್ತು ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ನೋಜಲುಗಳನ್ನು ಬಿಚ್ಚಿ ಕ್ಯಾಲಿಬ್ರೇಶನ್ (ಡೀಸೆಲ್ ಅಳತೆ ಸರಿಹೊಂದಿಸುವುದು) ಮಾಡಿಸಬೇಕೆಂದು ಮೆಕ್ಯಾನಿಕ್ ಹೇಳುತ್ತಿದ್ದಾರೆ. ಅಷ್ಟು ಖರ್ಚಿಗೆ ಇಳಿಯುವ ಮೊದಲು ಏನನ್ನು ಪರೀಕ್ಷಿಸಬೇಕು?

ಉತ್ತರ (ಶಿರಸಿಯ ಗ್ಯಾರೇಜಿನಿಂದ)

ಎಳೆತ ಬಿದ್ದ ಹೊತ್ತಿನಲ್ಲಿ ಹೊಗೆಯ ಬಣ್ಣ ಹೇಗಿತ್ತು ಎಂಬುದನ್ನು ನೀವು ಬರೆದಿಲ್ಲ. ನಾನು ಮೊದಲು ಕೇಳುವುದು ಅದನ್ನೇ. ದಟ್ಟ ಕಪ್ಪು ಹೊಗೆ ಬರುತ್ತಿದ್ದರೆ ಡೀಸೆಲ್ ಸಾಕಷ್ಟು ಸಿಗುತ್ತಿದೆ, ಗಾಳಿ ಸಾಲುತ್ತಿಲ್ಲ ಎಂದು ತಿಳಿದು ಟರ್ಬೊ ಮತ್ತು ಅದರ ಹೋಸುಗಳನ್ನು ನೋಡಬೇಕು. ಹೊಗೆಯೇ ಇಲ್ಲದೆ ಗಾಡಿ ಸೋತರೆ ಇಂಜಿನ್‌ಗೆ ಡೀಸೆಲ್ ಸಾಲುತ್ತಿಲ್ಲ.

ನಿಲ್ಲಿಸಿದರೆ ಸರಿಹೋಗುತ್ತದೆ ಎಂಬ ನಿಮ್ಮ ಮಾತು ನನ್ನ ಗಮನವನ್ನು ಟ್ಯಾಂಕಿನ ಕಡೆಗೆ ಎಳೆಯುತ್ತದೆ. ಸವೆದ ಪಂಪ್ ಹತ್ತು ನಿಮಿಷದ ವಿಶ್ರಾಂತಿಯಿಂದ ಚೇತರಿಸಿಕೊಳ್ಳುವುದು ಅಪರೂಪ. ಟ್ಯಾಂಕಿನ ಗಾಳಿರಂಧ್ರ ಕಟ್ಟಿದ್ದರೆ ಅಥವಾ ಒಳಗಿನ ಹೀರುವ ಪೈಪಿನ ಬಾಯಿಗೆ ಕಸ ಅಂಟಿಕೊಂಡರೆ ಭಾರದ ಏರಿನಲ್ಲಿ ಫೀಡ್ ಪಂಪ್ (ಟ್ಯಾಂಕಿನಿಂದ ಡೀಸೆಲ್ ಎಳೆದು ದೊಡ್ಡ ಪಂಪಿಗೆ ಕೊಡುವ ಸಣ್ಣ ಪಂಪ್) ಎಷ್ಟು ಎಳೆದರೂ ಡೀಸೆಲ್ ಸಾಲದು. ಇಂಜಿನ್ ನಿಂತಾಗ ಪೈಪಿನ ಹೀರುವಿಕೆ ತಪ್ಪಿ ಕಸ ಕಳಚಿ ಬೀಳುತ್ತದೆ. ಮುಂದಿನ ಸಲ ಗಾಡಿ ಸೋತ ಕೂಡಲೇ ಟ್ಯಾಂಕಿನ ಮುಚ್ಚಳ ತೆರೆಯಿರಿ. ಸುಯ್ ಎಂದು ಗಾಳಿ ಒಳನುಗ್ಗಿದರೆ ದೋಷ ಗಾಳಿರಂಧ್ರದ್ದು. ಇಲ್ಲವಾದರೆ 20 ಲೀಟರಿನ ಕ್ಯಾನ್ ಒಂದನ್ನು ಫೀಡ್ ಪಂಪಿಗಿಂತ ಎತ್ತರದಲ್ಲಿ ಬಿಗಿಯಾಗಿ ಕಟ್ಟಿ, ಅದರಿಂದಲೇ ಡೀಸೆಲ್ ಕೊಟ್ಟು ಅದೇ ಲೋಡಿನಲ್ಲಿ ಘಟ್ಟ ಹತ್ತಿಸಿ. ಉಳಿದ ಡೀಸೆಲನ್ನು ಟ್ಯಾಂಕಿಗೆ ಮರಳಿಸುವ ರಿಟರ್ನ್ ಪೈಪನ್ನೂ ಆ ಕ್ಯಾನಿಗೇ ಬಿಡಬೇಕು, ಇಲ್ಲದಿದ್ದರೆ ಕ್ಯಾನಿನ ಡೀಸೆಲ್ ಟ್ಯಾಂಕಿಗೆ ಹೋಗಿ ಅರ್ಧ ದಾರಿಯಲ್ಲಿ ನಿಲ್ಲಬೇಕಾದೀತು.

ಉತ್ತರ (ಅಂಕೋಲಾದಿಂದ)

ಅರಬೈಲ್ ಘಟ್ಟದಲ್ಲಿ ನಮ್ಮ ಲಾರಿಯೂ ಹೀಗೆಯೇ ಸೋತಾಗ ತಪ್ಪು ಇಂಜಿನಿನದ್ದಾಗಿರಲಿಲ್ಲ. ಹಿಂದಿನ ಎಡ ಚಕ್ರದ ಬ್ರೇಕ್ ಪೂರ್ತಿ ಬಿಡುತ್ತಿರಲಿಲ್ಲ. ಡ್ರಮ್ಮಿನ ಹತ್ತಿರ ಕೈ ಒಯ್ಯಲಾಗದಷ್ಟು ಕಾವು ಇತ್ತು. ಆದ್ದರಿಂದ ನಾಲ್ಕೂ ಡ್ರಮ್ಮುಗಳ ಬಿಸಿಯನ್ನು ಹೋಲಿಸಿ ನೋಡಿ. ಒಬ್ಬರು ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಪಂಪಿನ ಲಿವರ್ ಕೊನೆಯವರೆಗೆ ಹೋಗುತ್ತದೆಯೇ ಎಂಬುದನ್ನೂ ಇನ್ನೊಬ್ಬರು ನೋಡಲಿ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ಹೊಗೆ ಇರಲಿಲ್ಲ, ಬ್ರೇಕುಗಳು ಸರಿಯಾಗಿವೆ, ಮುಚ್ಚಳ ತೆರೆದಾಗ ಗಾಳಿಯ ಸದ್ದೂ ಬರಲಿಲ್ಲ. ಕ್ಯಾನಿನ ಡೀಸೆಲ್‌ನಲ್ಲಿ ಮಾತ್ರ ಗಾಡಿ ಎಲ್ಲಿಯೂ ನಿಲ್ಲದೆ ಮೇಲೆ ಬಂತು. ಟ್ಯಾಂಕ್ ಇಳಿಸಿ ಬಗ್ಗಿಸಿದಾಗ ತುಕ್ಕಿನ ಸಿಪ್ಪೆ, ಕಪ್ಪು ಲೋಳೆ, ಅವುಗಳ ಜೊತೆ ಹೆಬ್ಬೆರಳ ಗಾತ್ರದ ಬಟ್ಟೆಯ ಚೂರು ಹೊರಬಿತ್ತು. ಹಿಂದೊಮ್ಮೆ ಮುಚ್ಚಳ ಕಳೆದಾಗ ಬಾಯಿಗೆ ತುರುಕಿದ್ದ ಬಟ್ಟೆಯದು ಅದು. ಈಗ ನಡುವೆ ಸೋಲುವುದಿಲ್ಲ, ಆದರೆ ಮೂರನೇ ಗೇರಿನಲ್ಲಿ ಹಳೆಯ ಬಲ ಇನ್ನೂ ಪೂರ್ತಿ ಬಂದಿಲ್ಲ.

ಉತ್ತರ (ಶಿರಸಿಯ ಗ್ಯಾರೇಜಿನಿಂದ)

ಟ್ಯಾಂಕಿನ ಕೆಸರು ಈಗಾಗಲೇ ಮುಂದಕ್ಕೆ ಹೋಗಿರುತ್ತದೆ. ಫೀಡ್ ಪಂಪಿನ ಕೆಳಗಿನ ಸಣ್ಣ ಜಾಲರಿಯನ್ನು ಬಿಚ್ಚಿ ತೊಳೆಯಿರಿ, ಡೀಸೆಲ್ ಫಿಲ್ಟರನ್ನು ಇನ್ನೊಮ್ಮೆ ಬದಲಿಸಿ, ಹ್ಯಾಂಡ್ ಪ್ರೈಮರ್ (ಕೈಯಿಂದ ಡೀಸೆಲ್ ಒತ್ತುವ ಗುಂಡಿ) ಒತ್ತುತ್ತಾ ಗುಳ್ಳೆ ನಿಲ್ಲುವವರೆಗೆ ಡೀಸೆಲ್ ಲೈನಿನೊಳಗಿನ ಏರ್ ತೆಗೆಯಿರಿ. ಆಮೇಲೂ ಬಲ ಕಡಿಮೆ ಎನಿಸಿದರೆ, ಮ್ಯಾನಿಫೋಲ್ಡಿನಿಂದ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆ) ಪಂಪಿಗೆ ಟರ್ಬೊ ಒತ್ತಡ ಒಯ್ಯುವ ಸಣ್ಣ ಪೈಪ್ ನಿಮ್ಮ ಪಂಪಿನಲ್ಲಿದೆಯೇ ನೋಡಿ. ಅದು ಸೀಳಿದ್ದರೆ ಅಥವಾ ಅದರ ತುದಿಯ ಡಯಾಫ್ರಾಮ್ (ಒತ್ತಡಕ್ಕೆ ಬಾಗುವ ತೆಳು ಪೊರೆ) ಹರಿದಿದ್ದರೆ ಪಂಪ್ ಪೂರ್ತಿ ಡೀಸೆಲ್ ಬಿಡುವುದಿಲ್ಲ, ಹೊಗೆಯೂ ಬರುವುದಿಲ್ಲ. ಆ ಪೈಪನ್ನು ನೋಡುವವರೆಗೆ ಪಂಪಿನ ಸೆಟ್ಟಿಂಗಿಗೆ ಹಾಕಿದ ಸೀಲ್ ಒಡೆಯಲು ಯಾರಿಗೂ ಬಿಡಬೇಡಿ.