ಗ್ರೇಟ್ ವೈಬ್ಸ್ ಫಾಂಟ್ ಪ್ರಿಂಟ್‌ನಲ್ಲಿ ಕಡಿದು ಹೋಗುತ್ತಿದೆ, ಅರ್ಜೆಂಟ್

ಡೊಂಬಿವಲಿ_ರಾಯ:
ತಂಗಿಯ ಮದುವೆ ಕಾರ್ಡ್. ಹುಡುಗ-ಹುಡುಗಿಯ ಇಂಗ್ಲಿಷ್ ಹೆಸರಿಗೆ ಗ್ರೇಟ್ ವೈಬ್ಸ್ ಅನ್ನೋ ಕೂಡುಬರಹದ ಫಾಂಟ್ ಹಾಕಿದ್ದೇನೆ. ಸ್ಕ್ರೀನ್ ಮೇಲೆ ಎಷ್ಟು ಚೆನ್ನಾಗಿದೆ! ಪ್ರೂಫ್‌ನಲ್ಲಿ ಸಣ್ಣ ಗೆರೆಗಳೆಲ್ಲ ಕಡಿದು ಹೋಗಿವೆ. ಪ್ರೆಸ್ಸಿನವರು ಫೈಲೇ ಸರಿಯಿಲ್ಲ ಅಂತಾರೆ. ತಲೆ ಕೆಟ್ಟಿದೆ, ಬೇಗ ಹೇಳಿ.

ಮಾಟುಂಗಾ_ಮಾಮ:
ಅಕ್ಷರಗಳನ್ನು ಕರ್ವ್ (ಗೆರೆಚಿತ್ರ) ಮಾಡಿದ್ದೀರಾ?

ಡೊಂಬಿವಲಿ_ರಾಯ:
ಪಿಡಿಎಫ್ ಮಾಡೋದೇ ಅಲ್ವಾ ಮಾಮಾ? ಮಾಡಿದ್ದೇನೆ.

ಮಾಟುಂಗಾ_ಮಾಮ:
ಹಾಗಾದರೆ ಕೋರೆಲ್ ಡಿಸೈನ್ ಸಾಫ್ಟ್‌ವೇರ್‌ನಲ್ಲಿ ಕಂಬೈನ್ ಮಾಡಿದ್ದೀರಿ. ಇಂಥ ಫಾಂಟ್‌ನಲ್ಲಿ ಒಂದಕ್ಷರದ ಬಾಲ ಮುಂದಿನದರ ಮೇಲೆ ಹತ್ತಿ ಕೂತಿರುತ್ತದೆ. ಕಂಬೈನ್ ಮಾಡಿದರೆ ಅಲ್ಲಿ ಬಿಳಿ ತೂತು ಬೀಳುತ್ತದೆ. ವೆಲ್ಡ್ ಮಾಡಿ, ಅಂದರೆ ಎಲ್ಲ ಬೆಸೆದು ಒಂದೇ ಆಕಾರ ಮಾಡಿ, ಮುಗೀತು.

ಕೊಥ್ರೂಡ್_ಕುಲಕರ್ಣಿ:
ಅಕ್ಷರಗಳ ನಡುವೆ ಜಾಗ ಜಾಸ್ತಿ ಮಾಡಿದರೂ ಕೊಂಡಿ ಬಿಡುತ್ತದೆ. ಹೆಸರು ಪೂರ್ತಿ ಕ್ಯಾಪಿಟಲ್‌ನಲ್ಲಿದ್ದರಂತೂ ಸುರುಳಿಗೆ ಸುರುಳಿ ಸಿಕ್ಕಿ ಓದೋಕೇ ಆಗಲ್ಲ. ಅಲ್ಲದೆ ಈ ಫಾಂಟ್ ನೋಡಿ ನೋಡಿ ಸಾಕಾಗಿದೆ. ಅಲೆಕ್ಸ್ ಬ್ರಷ್ ಹಾಕಿ.

ಮಡಗಾಂವ್_ಪೈ:
ಅದೂ ಗ್ರೇಟ್ ವೈಬ್ಸ್ ಮಾಡಿದ ರಾಬ್ ಲ್ಯೂಶ್ಕಿಯದ್ದೇ. ಮನೆ ಬಿಟ್ಟು ಅದೇ ಗಲ್ಲಿಯ ಪಕ್ಕದ ಮನೆಗೆ ಹೋದ ಹಾಗಾಯ್ತು. ಕನ್ನಡ ಹೆಸರಿಗೆ ಏನು ಹಾಕಿದ್ದೀರಿ? ಗ್ರೇಟ್ ವೈಬ್ಸ್‌ನಲ್ಲಿ ಕನ್ನಡವೇ ಇಲ್ಲ. ಅಕಾಯಾ ಕನಡಕ ನೋಡಿ, ಗೂಗಲ್ ಫಾಂಟ್ಸ್‌ನಲ್ಲಿ ಪುಕ್ಕಟೆ.

ಮಾಟುಂಗಾ_ಮಾಮ:
ನಮ್ಮ ಮುಂಬೈಯ ಫಾಂಟ್ ಕಂಪನಿ ಏಕ್ ಟೈಪ್‌ನವರ 'ಬಾಲೂ ತಮ್ಮ' ಫಾಂಟ್ ಇರುವಾಗ ಅದ್ಯಾಕೆ?

ಮಡಗಾಂವ್_ಪೈ:
ಮದುವೆ ಕಾರ್ಡಿಗೆ ಬಾಲೂ? ಅಷ್ಟು ದಪ್ಪ ಅಕ್ಷರ? ಮಾಮಾ!

ಪಿಂಪ್ರಿ_ಆಫ್‌ಸೆಟ್:
ಬಣ್ಣ ಯಾವುದು, ಸೈಜ್ ಎಷ್ಟು? ಇದನ್ನು ಯಾರೂ ಕೇಳಲೇ ಇಲ್ಲವಲ್ಲ.

ಡೊಂಬಿವಲಿ_ರಾಯ:
ಗೋಲ್ಡನ್ನೇ ಸಾರ್, ಮದುವೆ ಅಲ್ವಾ. 16 ಪಾಯಿಂಟ್.

ಪಿಂಪ್ರಿ_ಆಫ್‌ಸೆಟ್:
ಅಲ್ಲೇ ಇದೆ ಗಂಟು. ನಾಲ್ಕು ಬಣ್ಣದ ಆಫ್‌ಸೆಟ್‌ನಲ್ಲಿ ಚಿನ್ನದ ಬಣ್ಣ ಅಂದರೆ ಹಳದಿ, ಮೆಜೆಂಟಾ, ಸಯಾನ್ ಚುಕ್ಕಿಗಳು. ಅಷ್ಟು ಸಣ್ಣ ಗೆರೆಯಲ್ಲಿ ಚುಕ್ಕಿ ಕೂರಲು ಜಾಗವಿಲ್ಲ. ಬಣ್ಣಕ್ಕೊಂದರಂತೆ ಇರುವ ಪ್ಲೇಟ್ ಒಂಚೂರು ಸರಿದರೂ ಗೆರೆ ಒಡೆಯುತ್ತದೆ. ಹೆಸರನ್ನು ಒಂದೇ ಸ್ಪಾಟ್ ಕಲರ್‌ನಲ್ಲಿ, ಅಂದರೆ ಮೊದಲೇ ಬೆರೆಸಿದ ಒಂದೇ ಇಂಕ್‌ನಲ್ಲಿ ಕೊಡಿ, ಪ್ಯಾಂಟೋನ್ 871 ಅನ್ನೋ ಚಿನ್ನದ ಇಂಕ್ ನಡೆಯುತ್ತದೆ. ಸೈಜ್ 28 ಮಾಡಿ, ಅದೇ ಬಣ್ಣದ 0.25 ಪಾಯಿಂಟ್ ಔಟ್‌ಲೈನ್ ಹಾಕಿ. ಇಂಕ್ ಬದಲು ಹೊಳೆಯುವ ಫಾಯಿಲ್ ಒತ್ತಿಸುವುದಾದರೆ ಗೆರೆ ಇನ್ನೂ ದಪ್ಪ ಬೇಕು. ಮುಹೂರ್ತ, ಹಾಲ್‌ನ ವಿಳಾಸ ಮಾತ್ರ ಈ ಫಾಂಟ್‌ನಲ್ಲಿ ಬೇಡ. ಅಜ್ಜ-ಅಜ್ಜಿಯರು ಓದಬೇಕು.

ಮಾಟುಂಗಾ_ಮಾಮ:
ಆದರೂ ಒಂದ್ಸಲ ವೆಲ್ಡ್ ಮಾಡಿ ನೋಡಿ.

ಕೊಥ್ರೂಡ್_ಕುಲಕರ್ಣಿ:
ನನ್ನ 27 ಇಂಚಿನ ಮಾನಿಟರ್ ಕ್ಯಾಲಿಬ್ರೇಟ್ ಮಾಡಿಟ್ಟಿದ್ದೇನೆ. ಇಂಥದ್ದೆಲ್ಲ ಮೊದಲೇ ಗೊತ್ತಾಗುತ್ತದೆ.

ಪಿಂಪ್ರಿ_ಆಫ್‌ಸೆಟ್:
ಯಾವ ಮಾನಿಟರ್‌ನಲ್ಲೂ ಪ್ಲೇಟ್ ಸರಿದದ್ದು ಕಾಣಲ್ಲ ಕುಲಕರ್ಣಿಯವರೇ.

ಡೊಂಬಿವಲಿ_ರಾಯ:
ವರ್ಡ್‌ನಲ್ಲಿ ಸ್ಪಾಟ್ ಕಲರ್ ಎಲ್ಲಿದೆ ಸಾರ್? ಸಿಗುತ್ತಿಲ್ಲ.

ಮಾಟುಂಗಾ_ಮಾಮ:
ವರ್ಡಾ?!

ಪಿಂಪ್ರಿ_ಆಫ್‌ಸೆಟ್:
ವರ್ಡ್‌ನಲ್ಲಿ ಅದು ಇಲ್ಲ. ಕಾರ್ಡಿನ ಅಕ್ಷರ, ಚಿತ್ರ ಎಲ್ಲ ಕಪ್ಪು ಬಣ್ಣದಲ್ಲಿಟ್ಟು ಪಿಡಿಎಫ್ ಕಳಿಸಿ. ಕಪ್ಪು ಪ್ಲೇಟ್ ಒಂದನ್ನೇ ತೆಗೆದು ಚಿನ್ನದ ಇಂಕ್‌ನಲ್ಲಿ ಹೊಡೆಯಿರಿ ಅಂತ ಪ್ರೆಸ್ಸಿಗೆ ಹೇಳಿ. ಒಂದೇ ಬಣ್ಣ, ಖರ್ಚೂ ಕಡಿಮೆ.

ಡೊಂಬಿವಲಿ_ರಾಯ:
ಆದರೆ ಗಣಪತಿ ಕೆಂಪಗೇ ಇರಬೇಕಂತೆ, ಅಮ್ಮನ ಆರ್ಡರ್. ಆಗುತ್ತಾ?

ಪಿಂಪ್ರಿ_ಆಫ್‌ಸೆಟ್:
ಆಗುತ್ತದೆ. ಎರಡನೇ ಪ್ಲೇಟಿನ ದುಡ್ಡು ಅಮ್ಮನನ್ನೇ ಕೇಳಿ.